ಕ್ಯಾಮೆರಾ ಇಲ್ಲಿ, ಕಂಪ್ಯೂಟರ್ ಅಲ್ಲಿ: ನಡುವಿನ ವೈರ್ ಯಾವುದು?

ಹಳೆಯ ಹ್ಯಾಂಡಿಕ್ಯಾಮ್ ಇರುವ ಮನೆಯಲ್ಲೆಲ್ಲ ಅದರ ಪಕ್ಕದಲ್ಲೇ ಸಿಕ್ಕುಗಟ್ಟಿದ ವೈರುಗಳ ಡಬ್ಬವೊಂದು ಇರುತ್ತದೆ. ಮೂರು ಬಣ್ಣದ ಪಿನ್ನಿನದೊಂದು, ಚಪ್ಪಟೆ ಮೂತಿಯ ಯುಎಸ್‌ಬಿ ಒಂದು, ಯಾವುದಕ್ಕೆ ಬಂದದ್ದೋ ಯಾರಿಗೂ ನೆನಪಿಲ್ಲದ ಪುಟ್ಟ ಮೂತಿಯ ಇನ್ನೊಂದು. 2004ರಲ್ಲಿ ನಡೆದ ತಂಗಿಯ ಮದುವೆಯ ಏಳು ಮಿನಿಡಿವಿ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸೋಣವೆಂದು ನಾನು ಕೂತಾಗ ಮೊದಲು ಕೈಗೆ ಸಿಕ್ಕಿದ್ದು ಯುಎಸ್‌ಬಿ. ಚುಚ್ಚಿದೆ. ಸಲೀಸಾಗಿ ಕೂತಿತು. ಕಂಪ್ಯೂಟರ್ ಸದ್ದು ಮಾಡಿತು, ಪರದೆಯ ಮೇಲೆ ಕ್ಯಾಮೆರಾದ ಹೆಸರೂ ಬಂತು. ತೆರೆದು ನೋಡಿದರೆ ಮೆಮೊರಿ ಕಾರ್ಡಿನಲ್ಲಿದ್ದ ಹನ್ನೊಂದು ಫೋಟೊ. ಮದುವೆ ಇಲ್ಲ.

ಈ ಪೇಚಿಗೆ ಸಿಕ್ಕವನು ನಾನೊಬ್ಬನೇ ಅಲ್ಲ. ಕ್ಯಾಮ್‌ಕಾರ್ಡರಿನಿಂದ ಕಂಪ್ಯೂಟರಿಗೆ ಯಾವ ಕೇಬಲ್ ಹಾಕಬೇಕೆಂಬುದು ಸುಮಾರು ಮೂವತ್ತು ವರ್ಷಗಳಿಂದ ಜಗ್ಗಾಡುತ್ತಿರುವ ಪ್ರಶ್ನೆ. ಇದರಲ್ಲಿ ಪಂಥಗಳಿವೆ, ಪಂಥಗಳ ನಡುವೆ ಮುನಿಸಿದೆ, ಕಂಪನಿಗಳ ಪೈಪೋಟಿಯಿದೆ, ಸುಂಕದ ಕಾನೂನು ಕೂಡ ಕೈಯಾಡಿಸಿದೆ. ಕೂತರೆ ಸರಿಯಾದ ವೈರ್, ಕೂರದಿದ್ದರೆ ತಪ್ಪು ವೈರ್ ಎಂದುಕೊಳ್ಳುವುದು ಎಲ್ಲರ ರೂಢಿ. ಆದರೆ ಮೊದಲು ನೋಡಬೇಕಾದದ್ದು ಸಾಕೆಟ್ಟನ್ನಲ್ಲ. ಚಿತ್ರ ಕ್ಯಾಮೆರಾದೊಳಗೆ ಯಾವ ರೂಪದಲ್ಲಿ ಕೂತಿದೆ ಎಂಬುದನ್ನು. ಟೇಪಿನ ಮೇಲೆ ಅಲೆಯಾಗಿಯೋ, ಟೇಪಿನ ಮೇಲೆ ಅಂಕಿಯಾಗಿಯೋ, ಕಾರ್ಡಿನಲ್ಲಿ ಫೈಲಾಗಿಯೋ? ಪಂಥಗಳ ಜಗಳದಲ್ಲಿ ಅರ್ಧ ಹುಟ್ಟುವುದೇ ಈ ಮೂರನ್ನೂ ಒಂದೇ ಎಂದು ಎಣಿಸುವುದರಿಂದ.

ಟಿವಿಗೆಂದು ಹುಟ್ಟಿದ ವೈರ್

ಸೋನಿಯ ಬೀಟಾಮೂವಿ 1983ರಲ್ಲಿ ಬಂದಾಗ ಅದರಲ್ಲಿ ಚಿತ್ರೀಕರಿಸಬಹುದಿತ್ತೇ ಹೊರತು ಚಿತ್ರೀಕರಿಸಿದ್ದನ್ನು ಅದರಲ್ಲೇ ನೋಡುವಂತಿರಲಿಲ್ಲ. ಮರುವರ್ಷ ಜೆವಿಸಿಯ ವಿಎಚ್‌ಎಸ್-ಸಿ ಕ್ಯಾಮ್‌ಕಾರ್ಡರ್, 1985ರಲ್ಲಿ ಎಂಟು ಮಿಲಿಮೀಟರ್ ಟೇಪಿನ ವಿಡಿಯೊ8, 1989ರಲ್ಲಿ ಹೈ8 ಬಂದವು. ಈ ಯಂತ್ರಗಳನ್ನು ಮಾಡಿದವರ ಕಲ್ಪನೆಯಲ್ಲಿ ಕಂಪ್ಯೂಟರ್ ಇರಲೇ ಇಲ್ಲ. ಹೊರಗೆ ಹೋಗುವ ವೈರ್ ಹೋಗುತ್ತಿದ್ದದ್ದು ಟಿವಿಗೆ ಅಥವಾ ವಿಸಿಆರ್‌ಗೆ. ಹಳದಿ ಪಿನ್ನಿನಲ್ಲಿ ಚಿತ್ರ, ಬಿಳಿ ಮತ್ತು ಕೆಂಪಿನಲ್ಲಿ ಎಡ-ಬಲ ಧ್ವನಿ.

ಹಳದಿ ಪಿನ್ನಿನ ಕಷ್ಟವೇನೆಂದರೆ, ಬೆಳಕು, ಬಣ್ಣ, ಸಾಲುಗಳ ತಾಳ ಎಲ್ಲವನ್ನೂ ಒಂದೇ ತಂತಿಯಲ್ಲಿ ಬೆರೆಸಿ ಕಳಿಸುತ್ತದೆ. ಹಾಲು-ನೀರು ಬೆರೆಸಿ ಆಚೆ ಕಡೆ ಬೇರ್ಪಡಿಸಿಕೊಳ್ಳಿ ಅಂದ ಹಾಗೆ. ಬೇರ್ಪಡಿಸುವಾಗ ಪೂರ್ತಿ ಬೇರ್ಪಡುವುದಿಲ್ಲ. ಕೆಂಪು ಸೀರೆಯ ಅಂಚಿನಲ್ಲಿ ಇರುವೆ ಸಾಲಿನಂತೆ ಹರಿದಾಡುವ ಚುಕ್ಕೆಗಳು ಅದರ ಗುರುತು. ಎಸ್-ವಿಎಚ್‌ಎಸ್ ಜೊತೆ 1987ರ ಸುಮಾರಿಗೆ ಬಳಕೆಗೆ ಬಂದ ನಾಲ್ಕು ಪಿನ್ನಿನ ದುಂಡನೆಯ ಎಸ್-ವಿಡಿಯೊ ಸಾಕೆಟ್ ಬೆಳಕಿಗೊಂದು, ಬಣ್ಣಕ್ಕೊಂದು ತಂತಿ ಕೊಟ್ಟು ಈ ಬೆರಕೆಯನ್ನು ತಪ್ಪಿಸಿತು. ವಿಎಚ್‌ಎಸ್ ಮತ್ತು ಎಂಟು ಮಿಲಿಮೀಟರ್ ಟೇಪುಗಳಲ್ಲಿ ಬಣ್ಣ ಮೊದಲಿಂದಲೂ ಬೇರೆ ಆವರ್ತನದಲ್ಲೇ ಕೂತಿರುವುದರಿಂದ ಅದನ್ನು ಬೇರೆಯಾಗಿಯೇ ಹೊರತರುವುದು ನ್ಯಾಯ. ಕ್ಯಾಮೆರಾದಲ್ಲಿ ಎಸ್-ವಿಡಿಯೊ ಇದ್ದೂ ಹಳದಿ ಪಿನ್ ಚುಚ್ಚುವವರಿಗೆ ಹೇಳುವುದು ಇಷ್ಟೆ: ಇರುವ ಗುಣವನ್ನು ನೀವಾಗಿಯೇ ಕಳೆದುಕೊಳ್ಳುತ್ತಿದ್ದೀರಿ. ಎಸ್-ವಿಡಿಯೊ ಧ್ವನಿಯನ್ನು ಒಯ್ಯುವುದಿಲ್ಲ. ಬಿಳಿ-ಕೆಂಪು ಪಿನ್ನುಗಳು ಆಗಲೂ ಬೇಕು.

ಫೈರ್‌ವೈರ್ ಪಂಥ: ಅಂಕಿಯನ್ನು ಅಂಕಿಯಾಗಿಯೇ ತನ್ನಿ

1995 ಈ ಕಥೆಯ ತಿರುವು. ಡಿವಿ ಮಾದರಿಯ ಕ್ಯಾಮೆರಾಗಳು ಆ ವರ್ಷ ಮಾರುಕಟ್ಟೆಗೆ ಬಂದವು. ಸೋನಿಯ ಡಿಸಿಆರ್-ವಿಎಕ್ಸ್1000 ಅವುಗಳಲ್ಲಿ ಹೆಸರುವಾಸಿ. ಮಿನಿಡಿವಿ ಕ್ಯಾಸೆಟ್ಟಿನ ಕಾಲಂಗುಲ ಅಗಲದ ಟೇಪಿನ ಮೇಲೆ ಚಿತ್ರ ಈಗ ಅಲೆಯಲ್ಲ, ಸೊನ್ನೆ-ಒಂದುಗಳ ಸಾಲು. ಅದೇ ವರ್ಷ ಐಇಇಇ 1394 ಎಂಬ ಮಾನಕ ಅಂಗೀಕಾರವಾಯಿತು. ಆ್ಯಪಲ್ ಅದನ್ನು ಫೈರ್‌ವೈರ್ ಎಂದು ಕರೆಯಿತು, ಸೋನಿ ಐ-ಲಿಂಕ್ ಎಂದಿತು, ಇನ್ನು ಕೆಲವರು ಸಾಕೆಟ್ಟಿನ ಮೇಲೆ ಸುಮ್ಮನೆ ಡಿವಿ ಎಂದು ಬರೆದರು. ಒಂದೇ ದೇವರಿಗೆ ಮೂರು ಊರಿನಲ್ಲಿ ಮೂರು ಹೆಸರು. ಗಿರಾಕಿ ಮೂರು ಬೇರೆ ಬೇರೆ ಎಂದುಕೊಂಡ.

ಫೈರ್‌ವೈರ್ ಪಂಥದವರ ವಾದ ಗಟ್ಟಿಯಾದದ್ದು. ಡಿವಿ ಚಿತ್ರಕ್ಕೆ ಸೆಕೆಂಡಿಗೆ 25 ಮೆಗಾಬಿಟ್ ಬೇಕು. ಧ್ವನಿ, ಸಮಯದ ಗುರುತು ಇತ್ಯಾದಿ ಸೇರಿದರೆ ಒಂದು ಗಂಟೆಯ ಕ್ಯಾಸೆಟ್ಟಿಗೆ ಸುಮಾರು 13 ಗಿಗಾಬೈಟ್. ಫೈರ್‌ವೈರ್ ಹಾದಿ 400 ಮೆಗಾಬಿಟ್ಟಿನದು. ಅದಕ್ಕಿಂತ ಮುಖ್ಯವಾಗಿ, ಅದು ಚಿತ್ರಕ್ಕೆಂದು ಕಾಲದ ಪಾಲನ್ನು ಮೊದಲೇ ಕಾದಿರಿಸುತ್ತದೆ. ಟೇಪ್ ಓಡುತ್ತಲೇ ಇರುತ್ತದೆ, ಕಂಪ್ಯೂಟರಿಗಾಗಿ ನಿಂತು ಕಾಯುವುದಿಲ್ಲ. ಆದ್ದರಿಂದ ಸರದಿ ತಪ್ಪದ ಹಾದಿಯೇ ಬೇಕು. ಈ ವೈರಿನಲ್ಲಿ ಟೇಪಿನ ಅಂಕಿಗಳೇ ಮರುಸಂಕೋಚನವಿಲ್ಲದೆ ನಕಲಾಗಿ ಬರುತ್ತವೆ. ಅದೇ ವೈರಿನ ಮೂಲಕ ಕಂಪ್ಯೂಟರ್ ಕ್ಯಾಮೆರಾವನ್ನು ಓಡಿಸಲೂಬಹುದು, ನಿಲ್ಲಿಸಲೂಬಹುದು, ಹಿಂದಕ್ಕೆ ಸುತ್ತಲೂಬಹುದು.

ಜೊತೆಗೆ ಬರುವ ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಪ್ರತಿ ದೃಶ್ಯ ತೆಗೆದ ದಿನ, ಗಂಟೆ, ನಿಮಿಷ ಟೇಪಿನಲ್ಲಿ ಅಡಗಿರುತ್ತದೆ. ಫೈರ್‌ವೈರ್‌ನಲ್ಲಿ ಅದೂ ಇಳಿದುಬರುತ್ತದೆ. ನಮ್ಮ ಕ್ಯಾಸೆಟ್ಟುಗಳು ಕೊನೆಗೂ ಇಳಿದಾಗ ತಿಳಿದದ್ದೇನೆಂದರೆ, 9.40ರ ಮುಹೂರ್ತಕ್ಕೆ ತಾಳಿ ಕಟ್ಟಿದ್ದು 9.58ಕ್ಕೆ. ಪುರೋಹಿತರು ಇಪ್ಪತ್ತು ವರ್ಷ ಒಪ್ಪದ ಮಾತನ್ನು ಟೇಪು ಒಪ್ಪಿಕೊಂಡಿತು. (ಕ್ಯಾಮೆರಾದ ಗಡಿಯಾರವೇ ಮುಂದಿತ್ತು ಎಂಬುದು ಅವರ ಈಗಿನ ವಾದ.)

ಆ್ಯಪಲ್ 1999ರಲ್ಲಿ ಫೈರ್‌ವೈರ್ ಇರುವ ಐಮ್ಯಾಕ್ ಡಿವಿಯನ್ನೂ ಐಮೂವಿ ಎಂಬ ಸಂಕಲನ ತಂತ್ರಾಂಶವನ್ನೂ ಒಟ್ಟಿಗೆ ಬಿಟ್ಟಾಗ ಮನೆಯಲ್ಲೇ ಸಿನಿಮಾ ಕತ್ತರಿಸುವ ಗೀಳು ಹುಟ್ಟಿತು. 2001ರಲ್ಲಿ ಈ ವೈರಿಗೆ ಅಮೆರಿಕದ ಎಮ್ಮಿ ಎಂಜಿನಿಯರಿಂಗ್ ಪ್ರಶಸ್ತಿಯೂ ಬಂತು. ಕರ್ನಾಟಕದಲ್ಲಿ ಈ ಪಂಥವನ್ನು ಬೆಳೆಸಿದವರು ಮದುವೆ ಸ್ಟುಡಿಯೊದವರು. ಭುಜದ ಮೇಲೆ ಹೊರುವ ವಿಎಚ್‌ಎಸ್ ಕ್ಯಾಮೆರಾಗಳನ್ನು ಕೆಳಗಿಟ್ಟು ಸೋನಿ ಪಿಡಿ170, ಪ್ಯಾನಾಸಾನಿಕ್ ಎಂಡಿ10000 ಹಿಡಿದವರಿಗೆ ಸಣ್ಣ ನಾಲ್ಕು ಪಿನ್ನಿನ ಈ ವೈರ್ ದಿನನಿತ್ಯದ ಸಂಗಾತಿ. ‘ಕ್ಯಾಪ್ಚರ್‌ಗೆ ಹಾಕಿದೀನಿ’ ಎಂದರೆ ಕ್ಯಾಸೆಟ್ ಓಡುವಷ್ಟು ಹೊತ್ತು ಟೀ ಕುಡಿದು ಬರಬಹುದು ಎಂದರ್ಥ.

ಫೈರ್‌ವೈರ್ ಒಳಗೂ ಭೇದಗಳಿವೆ. ಕ್ಯಾಮೆರಾ ಕಡೆ ನಾಲ್ಕು ಪಿನ್ನಿನ ಪುಟ್ಟ ಮೂತಿ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಕಂಪ್ಯೂಟರ್ ಕಡೆ ಆರು ಪಿನ್ನಿನ ದಪ್ಪ ಮೂತಿ, ಅದರಲ್ಲಿ 30 ವೋಲ್ಟ್‌ವರೆಗೂ ವಿದ್ಯುತ್ ಇರಬಹುದು. ಆಮೇಲೆ ಬಂದ 800 ಮೆಗಾಬಿಟ್ ಮಾದರಿಗೆ ಒಂಬತ್ತು ಪಿನ್. ಕಂಪ್ಯೂಟರಿನಲ್ಲಿ ಯಾವುದಿದೆ ನೋಡಿ 4-6 ಅಥವಾ 4-9 ವೈರ್ ಕೊಳ್ಳಬೇಕು. ಉದ್ದ 4.5 ಮೀಟರಿನೊಳಗೆ ಇರಲಿ. ನಾಲ್ಕು ಪಿನ್ನಿನ ಮೂತಿಯನ್ನು ತಿರುಗುಮುರುಗಾಗಿ ಒತ್ತಿ ಸಾಕೆಟ್ ಮುರಿದವರು ಬೇಕಾದಷ್ಟು. ಕ್ಯಾಮೆರಾ, ಕಂಪ್ಯೂಟರ್ ಎರಡನ್ನೂ ಆರಿಸಿ ವೈರ್ ಹಾಕುವುದು ಹಳಬರ ರೂಢಿ.

ಇಲ್ಲಿ ಸುಂಕದ ಕಥೆಯನ್ನೂ ಹೇಳಬೇಕು. ಯುರೋಪಿನಲ್ಲಿ ಹೊರಗಿನಿಂದ ಬಂದ ಚಿತ್ರವನ್ನೂ ದಾಖಲಿಸಬಲ್ಲ ಕ್ಯಾಮೆರಾ ‘ವಿಡಿಯೊ ರೆಕಾರ್ಡರ್’ ಎಂದು ವರ್ಗೀಕರಣವಾಗಿ ಹೆಚ್ಚಿನ ಸುಂಕ ಬೀಳುತ್ತಿತ್ತು. ಕಂಪನಿಗಳು ಅದನ್ನು ತಪ್ಪಿಸಲು ಡಿವಿ ಒಳದಾರಿಯನ್ನೇ ಮುಚ್ಚಿ ಮಾರಿದವು. ಅಂಥ ಕ್ಯಾಮೆರಾದಿಂದ ಕಂಪ್ಯೂಟರಿಗೆ ಚಿತ್ರ ಬರುತ್ತದೆ, ಕಂಪ್ಯೂಟರಿನಿಂದ ಟೇಪಿಗೆ ಹೋಗುವುದಿಲ್ಲ. ಅದು ವೈರಿನ ತಪ್ಪಲ್ಲ.

ಯುಎಸ್‌ಬಿ ಪಂಥ: ಎಲ್ಲಕ್ಕೂ ಒಂದೇ ವೈರ್

ಎದುರು ಪಂಥದವರ ಬಲ ಅನುಕೂಲ. ಪ್ರಿಂಟರ್, ಮೌಸ್, ಮೊಬೈಲ್ ಎಲ್ಲ ಯುಎಸ್‌ಬಿಯಲ್ಲಿ ನಡೆಯುವಾಗ ಕ್ಯಾಮೆರಾಕ್ಕೆ ಮಾತ್ರ ಬೇರೆ ವೈರ್ ಏಕೆ? ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಲೆಕ್ಕದಲ್ಲಿದೆ. ಮೊದಲ ಯುಎಸ್‌ಬಿಯ ವೇಗ ಸೆಕೆಂಡಿಗೆ 12 ಮೆಗಾಬಿಟ್. ಡಿವಿಗೆ ಬೇಕಿದ್ದದ್ದು 25. ಹನ್ನೆರಡರ ಕೊಡದಲ್ಲಿ ಇಪ್ಪತ್ತೈದರ ನೀರು ಹಿಡಿಯುವುದಿಲ್ಲ. ಹಾಗಾಗಿ ಕಂಪನಿಗಳು ಕ್ಯಾಸೆಟ್ ಕ್ಯಾಮೆರಾಗಳಲ್ಲಿ ಯುಎಸ್‌ಬಿಯನ್ನು ಮೆಮೊರಿ ಕಾರ್ಡಿನ ಫೋಟೊಗಳಿಗೆ, ಹೆಚ್ಚೆಂದರೆ ವೆಬ್‌ಕ್ಯಾಮಿನಂಥ ಸಣ್ಣ ಮಸುಕು ಚಿತ್ರಕ್ಕೆ ಮೀಸಲಿಟ್ಟವು. ನನ್ನ ಹನ್ನೊಂದು ಫೋಟೊಗಳ ರಹಸ್ಯ ಇದೇ.

2000ದಲ್ಲಿ ಯುಎಸ್‌ಬಿ 2.0 ಬಂದು ವೇಗ 480ಕ್ಕೇರಿತು; ಕಾಗದದ ಮೇಲೆ ಫೈರ್‌ವೈರಿಗಿಂತ ಹೆಚ್ಚು. ಫೈರ್‌ವೈರ್ ಸಾಕೆಟ್ಟೊಂದಕ್ಕೆ ಒಂದು ಡಾಲರ್ ಪರವಾನಗಿ ಶುಲ್ಕ ಕೇಳಿದ ಆ್ಯಪಲ್ಲಿನ ನಡೆಯೂ ಇಂಟೆಲ್ ಮೊದಲಾದವರನ್ನು ಯುಎಸ್‌ಬಿ ಕಡೆ ದೂಡಿತೆಂಬುದು ಅನೇಕರ ಅಭಿಪ್ರಾಯ. ಆಮೇಲೆ ಶುಲ್ಕ ಇಳಿಯಿತಾದರೂ ಗಾಳಿ ತಿರುಗಿತ್ತು. ಕೆಲವು ಕೊನೆಗಾಲದ ಮಿನಿಡಿವಿ ಕ್ಯಾಮೆರಾಗಳು ಯುಎಸ್‌ಬಿ 2.0 ಮೂಲಕವೇ ಡಿವಿಯನ್ನು ಪೂರ್ತಿಯಾಗಿ ಕಳಿಸಿದವು. ಅಂದರೆ ಅಡ್ಡಿ ಬರೀ ವೈರಿನದಲ್ಲ, ಕ್ಯಾಮೆರಾ ಆ ಬಾಗಿಲಲ್ಲಿ ಏನನ್ನು ಕಳಿಸಲು ಕಲಿತಿದೆ ಎಂಬುದರದು.

ಈ ಮಾತನ್ನು ಅರಿಯದೆ ನಾನು ಎರಡನೇ ಸಲ ಮೋಸಹೋದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿ ನಾಲ್ಕು ಪಿನ್ನಿನ ಫೈರ್‌ವೈರ್ ಇರುವ ವೈರ್ ಕೊಟ್ಟರು. ‘ಎರಡೂ ಕಡೆ ಕೂರುತ್ತೆ ಸಾರ್, ಇನ್ನೇನು ಬೇಕು?’ ಕೂತಿತು, ನಿಜ. ಏನೂ ಆಗಲಿಲ್ಲ. ಯುಎಸ್‌ಬಿಯಲ್ಲಿ ಕಂಪ್ಯೂಟರ್ ಯಜಮಾನ, ಉಳಿದವು ಕೇಳಿದಾಗ ಮಾತ್ರ ಉತ್ತರಿಸುವ ಆಳುಗಳು. ಫೈರ್‌ವೈರಿನಲ್ಲಿ ಎಲ್ಲರೂ ಸರೀಕರು. ಎರಡು ಭಾಷೆಗಳ ನಡುವೆ ದುಭಾಷಿ ಚಿಪ್ ಇಲ್ಲದೆ ಬರೀ ತಾಮ್ರದ ತಂತಿ ಜೋಡಿಸಿದರೆ ಮಾತು ನಡೆಯುವುದಿಲ್ಲ. ಈ ವೈರ್ ಈಗಲೂ ಅಗ್ಗದಲ್ಲಿ ಮಾರಾಟವಾಗುತ್ತಿದೆ. ಕೊಳ್ಳಬೇಡಿ.

ಯುಎಸ್‌ಬಿ ಪಂಥ ನಿಜವಾಗಿ ಗೆದ್ದದ್ದು ಟೇಪು ಹೋದ ಮೇಲೆ. ಸೋನಿ ಮತ್ತು ಪ್ಯಾನಾಸಾನಿಕ್ 2006ರಲ್ಲಿ ಎವಿಸಿಎಚ್‌ಡಿ ಮಾದರಿಯನ್ನು ಪ್ರಕಟಿಸಿದವು. ಚಿತ್ರ ಹಾರ್ಡ್‌ಡಿಸ್ಕಿನಲ್ಲೋ ಕಾರ್ಡಿನಲ್ಲೋ ಫೈಲಾಗಿ ಕೂತಿತು. ಫೈಲಿಗೆ ಅವಸರವಿಲ್ಲ, ತಡವಾದರೆ ಕಾಯುತ್ತದೆ. ಒಂದು ಗಂಟೆಯ ಚಿತ್ರ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. 2008ರ ಅಕ್ಟೋಬರಿನಲ್ಲಿ ಆ್ಯಪಲ್ಲೇ ತನ್ನ ಹೊಸ ಮ್ಯಾಕ್‌ಬುಕ್ಕಿನಿಂದ ಫೈರ್‌ವೈರ್ ತೆಗೆದಾಗ ಹಳಬರು ಎಬ್ಬಿಸಿದ ಗಲಾಟೆ ಜೋರಾಗಿತ್ತು. ಮರುವರ್ಷ 13 ಅಂಗುಲದ ಮ್ಯಾಕ್‌ಬುಕ್ ಪ್ರೊದಲ್ಲಿ ಅದು ಮತ್ತೆ ಬಂತು. ಆದರೆ ಅದು ಬೀಳ್ಕೊಡುಗೆಗೆ ಮುಂಚಿನ ಭೇಟಿ ಅಷ್ಟೆ.

ಫೈಲ್ ಕ್ಯಾಮೆರಾ ಇದ್ದವರಿಗೆ ಎರಡು ಎಚ್ಚರಿಕೆ. ಬರೀ ಚಾರ್ಜಿಂಗಿಗೆಂದು ಮಾಡಿದ ವೈರುಗಳಲ್ಲಿ ಮಾಹಿತಿಯ ತಂತಿಗಳೇ ಇರುವುದಿಲ್ಲ. ಕ್ಯಾಮೆರಾ ಚಾರ್ಜ್ ಆಗುತ್ತದೆ, ಕಂಪ್ಯೂಟರಿಗೆ ಕಾಣುವುದಿಲ್ಲ. ಇನ್ನು ಎವಿಸಿಎಚ್‌ಡಿ ಕ್ಯಾಮೆರಾ ದೀರ್ಘ ಚಿತ್ರೀಕರಣವನ್ನು ತುಂಡು ಮಾಡಿ ಇಡುತ್ತದೆ. ಬೇಕಾದ ತುಂಡು ಮಾತ್ರ ಎತ್ತಿಕೊಳ್ಳದೆ ಇಡೀ ಫೋಲ್ಡರನ್ನೇ ನಕಲಿಸಿ. ಇಲ್ಲದಿದ್ದರೆ ತುಂಡುಗಳು ಸೇರುವ ಕಡೆ ಹಾಡಿನ ನಡುವೆ ಧ್ವನಿ ಎಡವುತ್ತದೆ.

ಅಲೆಯನ್ನು ಹಿಡಿಯುವವರು

ಹೈ8, ವಿಎಚ್‌ಎಸ್-ಸಿ ಟೇಪ್ ಇರುವವರಿಗೆ ಮೇಲಿನ ಎರಡೂ ಪಂಥ ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ. ಟೇಪಿನಲ್ಲಿ ಅಂಕಿಯೇ ಇಲ್ಲ. ಯಾರಾದರೂ ಅಲೆಯನ್ನು ಅಂಕಿ ಮಾಡಬೇಕು. ಅದನ್ನು ಎಲ್ಲಿ ಮಾಡಬೇಕು ಎಂಬುದರ ಸುತ್ತ ಮೂರು ಗುಂಪು.

ಮೊದಲ ಗುಂಪಿನವರು ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಯನ್ನು ನೆಚ್ಚುತ್ತಾರೆ. ಅಗ್ಗ, ಎಲ್ಲೆಡೆ ಸಿಗುತ್ತದೆ. ಈಸಿಕ್ಯಾಪ್ ಹೆಸರಿನ ಕಡ್ಡಿಗಳ ನಕಲುಗಳು ಎಷ್ಟಿವೆಯೆಂದರೆ ಹೊರಗಿನ ಚಿಪ್ಪು ಒಂದೇ, ಒಳಗಿನ ಚಿಪ್ ನೂರೆಂಟು. ಹಳೆಯ ಟೇಪಿನಲ್ಲಿ ಸಾಲುಗಳ ತಾಳ ತಪ್ಪುತ್ತಿರುತ್ತದೆ. ಬಡ ಕಡ್ಡಿ ಗಾಬರಿಯಾಗಿ ಚೌಕಟ್ಟುಗಳನ್ನು ಬಿಡುತ್ತದೆ, ಹತ್ತು ನಿಮಿಷ ಕಳೆಯುವಷ್ಟರಲ್ಲಿ ತುಟಿಗೂ ಮಾತಿಗೂ ಹೊಂದುವುದಿಲ್ಲ. ಇದಕ್ಕೆ ಮದ್ದು ಟಿಬಿಸಿ ಎಂಬ ತಾಳ ಸರಿಪಡಿಸುವ ವ್ಯವಸ್ಥೆ. ಕೊನೆಗಾಲದ ಕೆಲವು ಹೈ8 ಕ್ಯಾಮೆರಾಗಳ ಮೆನುವಿನಲ್ಲೇ ಅದಿದೆ, ಹುಡುಕಿ ನೋಡಿ.

ಎರಡನೆಯವರದು ಜಾಣತನದ ದಾರಿ. ಸೋನಿ 1999ರಲ್ಲಿ ತಂದ ಡಿಜಿಟಲ್8 ಕ್ಯಾಮೆರಾಗಳಲ್ಲಿ ಕೆಲವು ಹಳೆಯ ಹೈ8, ವಿಡಿಯೊ8 ಟೇಪನ್ನೂ ಓದಿ ಒಳಗೇ ಡಿವಿ ಮಾಡಿ ಫೈರ್‌ವೈರಿನಲ್ಲಿ ಕಳಿಸುತ್ತವೆ. ಕೆಲವು ಮಿನಿಡಿವಿ ಕ್ಯಾಮೆರಾಗಳು ಹಳದಿ ಪಿನ್ನಿನಿಂದ ಪಡೆದದ್ದನ್ನು ಹಾಗೆಯೇ ಡಿವಿಯಾಗಿ ದಾಟಿಸುತ್ತವೆ. ಬಣ್ಣದ ಸೂಕ್ಷ್ಮತೆ ಕಳೆದುಹೋಗುತ್ತದೆಂದು ಶುದ್ಧವಾದಿಗಳು ಮೂಗು ಮುರಿಯುತ್ತಾರೆ. ಆದರೆ ವಿಡಿಯೊ8 ಟೇಪಿನಲ್ಲಿ ಬಣ್ಣದ ಸೂಕ್ಷ್ಮತೆ ಎಷ್ಟಿತ್ತು ಕಳೆಯಲು? ಮನೆಬಳಕೆಗೆ ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ.

ಮೂರನೆಯವರು ತೀವ್ರವಾದಿಗಳು. ಕ್ಯಾಮೆರಾದ ಹೊರಗಿನ ಯಾವ ಸಾಕೆಟ್ಟನ್ನೂ ಇವರು ನಂಬುವುದಿಲ್ಲ. ಯಂತ್ರ ಬಿಚ್ಚಿ, ಹೆಡ್ಡು ಓದುವ ಕಚ್ಚಾ ಸಂಕೇತಕ್ಕೇ ವೈರ್ ಬೆಸೆದು, ಅದನ್ನು ಇಡಿಯಾಗಿ ಕಂಪ್ಯೂಟರಿಗೆ ತುಂಬಿಕೊಂಡು, ಮುಂದಿನದನ್ನೆಲ್ಲ ವಿಎಚ್‌ಎಸ್-ಡಿಕೋಡ್ ಎಂಬ ಮುಕ್ತ ತಂತ್ರಾಂಶಕ್ಕೆ ಬಿಡುತ್ತಾರೆ. ಫಲಿತಾಂಶ ಚೆನ್ನಾಗಿದೆ. ಬೆಸುಗೆ ಹಾಕುವ ಕೈ ಮಾತ್ರ ನಡುಗಬಾರದು.

ಅಲೆಯ ವಿಷಯ ಬಿಡುವ ಮೊದಲು ಒಂದು ಸಣ್ಣ ಉಪಾಯ. ಅನೇಕ ಹ್ಯಾಂಡಿಕ್ಯಾಮ್‌ಗಳ ಎವಿ ವೈರಿನ ಒಂದು ತುದಿ ಇಯರ್‌ಫೋನ್ ಪಿನ್ನಿನಂತಿರುತ್ತದೆ, ಆದರೆ ಅದರ ಮೇಲೆ ನಾಲ್ಕು ಪಟ್ಟಿ. ಯಾವ ಪಟ್ಟಿಯಲ್ಲಿ ಚಿತ್ರ, ಯಾವುದರಲ್ಲಿ ಧ್ವನಿ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಚಿತ್ರ ಬಾರದೆ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತಿದ್ದರೆ ಹಳದಿಯ ಜಾಗಕ್ಕೆ ಕೆಂಪನ್ನೋ ಬಿಳಿಯನ್ನೋ ಚುಚ್ಚಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಎಚ್‌ಡಿಎಂಐ: ಬಂದ ದಾರಿಯಲ್ಲೇ ಹೋಗದು

ಲ್ಯಾಪ್‌ಟಾಪಿನಲ್ಲೂ ಎಚ್‌ಡಿಎಂಐ, ಕ್ಯಾಮೆರಾದಲ್ಲೂ ಎಚ್‌ಡಿಎಂಐ. ಜೋಡಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ಎರಡೂ ಹೊರಬಾಗಿಲು. ಎರಡು ನಲ್ಲಿಗಳನ್ನು ಎದುರುಬದುರು ಜೋಡಿಸಿದಂತಾಗುತ್ತದೆ. ನಡುವೆ ಎಚ್‌ಡಿಎಂಐ ಕ್ಯಾಪ್ಚರ್ ಸಾಧನ ಬೇಕು. 2020ರ ಲಾಕ್‌ಡೌನಿನಲ್ಲಿ ಕ್ಯಾಮೆರಾಗಳನ್ನು ವೆಬ್‌ಕ್ಯಾಮ್ ಮಾಡಿಕೊಳ್ಳಲು ಜನ ಮುಗಿಬಿದ್ದಾಗ ಈ ಸಾಧನಗಳಿಗೆ ಬೇಡಿಕೆ ಏರಿತು. ಪಾಠ, ಉಪನ್ಯಾಸ, ಯಕ್ಷಗಾನದ ನೇರಪ್ರಸಾರಕ್ಕೆ ಇದು ಸರಿಯಾದ ದಾರಿಯೇ. ಆದರೆ ಕಾರ್ಡಿನಲ್ಲಿ ಕೂತ ಫೈಲನ್ನು ಎಚ್‌ಡಿಎಂಐನಲ್ಲಿ ಓಡಿಸಿ ಮತ್ತೆ ರೆಕಾರ್ಡ್ ಮಾಡುವುದು, ಕೈಯಲ್ಲಿರುವ ಪತ್ರವನ್ನು ಕೊಡದೆ ಓದಿ ಹೇಳಿ ಬರೆಸಿದ ಹಾಗೆ. ಟೇಪಿನ ಮೇಲೆಯೇ ಎಚ್‌ಡಿ ಚಿತ್ರ ದಾಖಲಿಸುವ ಎಚ್‌ಡಿವಿ ಕ್ಯಾಮೆರಾದಲ್ಲಿ ಫೈರ್‌ವೈರ್ ಸಾಕೆಟ್ ಸತ್ತಿದ್ದರೆ ಮಾತ್ರ ಅದಕ್ಕೊಂದು ಕೊನೆಯ ಆಸರೆ.

ಕೇಬಲ್ಲೇ ಬೇಡ

ಕಾರ್ಡ್ ತೆಗೆದು ರೀಡರಿಗೆ ಹಾಕಿ ಎನ್ನುವುದು ಎಲ್ಲಕ್ಕಿಂತ ಚಿಕ್ಕ ಪಂಥ, ಬಹುಶಃ ಎಲ್ಲಕ್ಕಿಂತ ವಿವೇಕದ್ದು. ಕ್ಯಾಮೆರಾದ ಬ್ಯಾಟರಿ ನಡುವೆ ಸಾಯುವ ಭಯವಿಲ್ಲ, ಸವೆದ ಸಾಕೆಟ್ಟಿನ ಗೋಜಿಲ್ಲ. ಒಳಸ್ಮರಣೆ ಅಥವಾ ಹಾರ್ಡ್‌ಡಿಸ್ಕ್ ಇರುವ ಕ್ಯಾಮೆರಾಗಳಿಗೆ ಇದು ನಡೆಯುವುದಿಲ್ಲ. ಅವಕ್ಕೆ ವಿದ್ಯುತ್ ಅಡಾಪ್ಟರ್ ಹಾಕಿಕೊಂಡು ಯುಎಸ್‌ಬಿಯೇ ಗತಿ.

ಚಿನ್ನದ ಲೇಪಕ್ಕೆ ಬೆಲೆ ಇದೆಯೇ?

ಅಲೆಯ ವೈರಿಗೆ ಸ್ವಲ್ಪ ಇದೆ. ಚೆನ್ನಾಗಿ ಹೊದಿಕೆ ಹಾಕಿದ, ಗಿಡ್ಡ ವೈರ್ ಫ್ಯಾನು-ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆಯನ್ನು ದೂರವಿಡುತ್ತದೆ. ಅಂಕಿಯ ವೈರಿಗೆ ಇಲ್ಲ. ಬಿಟ್ಟುಗಳು ಬಂದರೆ ಹಾಗೆಯೇ ಬಂದವು, ಚಿನ್ನದಿಂದ ಅವು ಹೊಳೆಯುವುದಿಲ್ಲ. ಯುಎಸ್‌ಬಿ-ಸಿ ಮಾತ್ರ ಬೇರೆ ತಲೆನೋವು. 2014ರಲ್ಲಿ ಬಂದ ಈ ಮೂತಿಯ ಒಂದು ವೈರ್ 480 ಮೆಗಾಬಿಟ್ಟಿನದಿರಬಹುದು, ಅದೇ ಮೂತಿಯ ಇನ್ನೊಂದು 40 ಗಿಗಾಬಿಟ್ಟಿನದಿರಬಹುದು, ನೋಡಲು ಅವಳಿಜವಳಿ. ಹಳೆಯ ಕ್ಯಾಮೆರಾಕ್ಕೆ ದುಬಾರಿಯದು ದಂಡ, ಏಕೆಂದರೆ ಕ್ಯಾಮೆರಾದ ವೇಗವೇ 480.

ಇನ್ನೂ ತೀರ್ಮಾನವಾಗದ್ದು

ಯಾವ ವೈರ್ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೂ ಆ ವೈರಿನ ಇನ್ನೊಂದು ತುದಿಗೆ ಏನಿದೆ ಎಂಬುದು ಈಗ ದೊಡ್ಡ ಪ್ರಶ್ನೆ. ಹೊಸ ಮ್ಯಾಕ್‌ಗಳಲ್ಲಿ ಯುಎಸ್‌ಬಿ-ಸಿಯಿಂದ ಥಂಡರ್‌ಬೋಲ್ಟ್ 2ಕ್ಕೆ, ಅಲ್ಲಿಂದ ಫೈರ್‌ವೈರ್ 800ಕ್ಕೆ, ಅಲ್ಲಿಂದ ನಾಲ್ಕು ಪಿನ್ನಿಗೆ ಎಂದು ಅಡಾಪ್ಟರುಗಳ ಮಾಲೆ ಕಟ್ಟಿಕೊಂಡು ಜನ ವರ್ಷಗಟ್ಟಲೆ ನಿಭಾಯಿಸಿದರು. 2025ರಲ್ಲಿ ಬಂದ ಮ್ಯಾಕ್‌ಒಎಸ್ ತಾಹೋ ಫೈರ್‌ವೈರ್ ಬೆಂಬಲವನ್ನೇ ಕೈಬಿಟ್ಟಿತು. ವಿಂಡೋಸ್‌ನಲ್ಲಿ ಹಳೆಯ ಡ್ರೈವರ್ ಹುಡುಕಿ ಹಾಕಿದರೆ ಇನ್ನೂ ನಡೆಯುತ್ತದೆ, ಎಲ್ಲಿಯವರೆಗೆ ಎಂಬುದಕ್ಕೆ ಖಾತರಿಯಿಲ್ಲ. ಲಿನಕ್ಸ್‌ನಲ್ಲಿ 2029ರವರೆಗೆ ನೋಡಿಕೊಳ್ಳುವುದಾಗಿ ಅದರ ನಿರ್ವಾಹಕರು ಹೇಳಿದ್ದಾರೆ. ಆಮೇಲೆ?

ಇಳಿಸಿದ ಚಿತ್ರವನ್ನು ಯಾವ ರೂಪದಲ್ಲಿ ಇಡಬೇಕೆಂಬುದರಲ್ಲೂ ಒಮ್ಮತವಿಲ್ಲ. ಡಿವಿಯನ್ನು ಡಿವಿಯಾಗಿಯೇ ಇಡಿ ಎನ್ನುತ್ತಾರೆ ದಾಖಲೆ ಕಾಯುವವರು. ಏಳು ಕ್ಯಾಸೆಟ್ಟಿಗೆ 91 ಗಿಗಾಬೈಟ್ ಯಾರು ಕಾಯುತ್ತಾರೆ, ಸಣ್ಣದು ಮಾಡಿ ಎನ್ನುತ್ತಾರೆ ಮನೆಯವರು. ನಾನು ಎರಡನ್ನೂ ಇಟ್ಟಿದ್ದೇನೆ. ಒಂದು ಟೇಪನ್ನು ಒಂದೇ ಸಲ ಓಡಿಸಿದರೆ ಸಾಕೇ ಎಂಬುದು ಮತ್ತೊಂದು. ಡಿವಿ-ರೆಸ್ಕ್ಯೂ ಎಂಬ ಮುಕ್ತ ಸಲಕರಣೆ ಹಲವು ಸಲ ಓಡಿಸಿದ ಪ್ರತಿಗಳಿಂದ ಒಳ್ಳೆಯ ತುಣುಕುಗಳನ್ನು ಆಯ್ದು ಹೆಣೆಯುತ್ತದೆ. ಆದರೆ ಹಳೆಯ ಟೇಪನ್ನು ಹಲವು ಸಲ ಓಡಿಸುವುದೇ ಅದಕ್ಕೆ ಪೆಟ್ಟು ಎನ್ನುವವರೂ ಇದ್ದಾರೆ.

ಓಡಿಸಲು ಯಂತ್ರವೇ ಎಲ್ಲಿದೆ ಎಂಬುದು ಎಲ್ಲಕ್ಕಿಂತ ಕಠಿಣ. ವಿಎಚ್‌ಎಸ್ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲೇ ನಿಲ್ಲಿಸಿತು. ಆಸ್ಟ್ರೇಲಿಯದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ ಟೇಪುಗಳನ್ನು ಉಳಿಸಿಕೊಳ್ಳಲು 2025ನ್ನೇ ಗಡುವೆಂದು ಎಚ್ಚರಿಸಿತ್ತು. ಆ ಗಡುವು ದಾಟಿದ್ದೇವೆ.

ನಮ್ಮ ಏಳು ಕ್ಯಾಸೆಟ್ಟುಗಳಲ್ಲಿ ಆರು ಇಳಿದಿವೆ. ಏಳನೆಯದು, ಆರತಕ್ಷತೆಯದು, ಓಡುವಾಗಲೇ ಕ್ಯಾಮೆರಾದ ಯಂತ್ರ ಕೈಕೊಟ್ಟಿತು. ಅದೇ ಮಾದರಿಯ ಇನ್ನೊಂದನ್ನು ಹುಡುಕುತ್ತಿದ್ದೇನೆ. ಈ ಭಾನುವಾರ ನೀವೂ ಬೀರುವಿನ ಡಬ್ಬ ಇಳಿಸಿ ನೋಡಿ. ನಾಲ್ಕು ಪಿನ್ನಿನ ಪುಟ್ಟ ಮೂತಿಯ ವೈರೊಂದು ಸಿಕ್ಕರೆ ಗುಜರಿಗೆ ಹಾಕಬೇಡಿ. ಕ್ಯಾಮೆರಾ ಇನ್ನೂ ಓಡುತ್ತಿದ್ದರೆ ಕ್ಯಾಸೆಟ್ಟನ್ನು ಅಂದೇ ಹಾಕಿ.